ಗಮಕ ವಾಚನದ ನೇರಪ್ರಸಾರ: ಕಂಪ್ಯೂಟರಿನ ಶ್ರುತಿಯನ್ನೂ ಧ್ವನಿಮುದ್ರಣಗಳನ್ನೂ ಕೇಳುಗರಿಗೆ ಸರಿಯಾಗಿ ತಲುಪಿಸುವುದು ಹೇಗೆ?

ಷಟ್ಪದಿಪ್ರಿಯ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಾವು ಕೆಲವು ಆಸಕ್ತರು ಸೇರಿ ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ಕುಮಾರವ್ಯಾಸ ಭಾರತದ ವಾಚನ ಮತ್ತು ವ್ಯಾಖ್ಯಾನವನ್ನು ಏರ್ಪಡಿಸುತ್ತೇವೆ. ಗಮಕಕ್ಕೆ, ಎಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ, ಹೆಸರಾದ ಹೊಸಹಳ್ಳಿ, ಮತ್ತೂರುಗಳು ಪಕ್ಕದಲ್ಲೇ ಇರುವ ಊರಿನಲ್ಲಿ ಗಮಕ ಕೇಳುವವರಿಗೆ ಕೊರತೆಯಿಲ್ಲ. ಆದರೆ ನಮ್ಮ ವ್ಯಾಖ್ಯಾನಕಾರರು ಮೈಸೂರಿನಲ್ಲಿದ್ದಾರೆ, ಕೇಳುಗರಲ್ಲಿ ಹಲವರು ಹೊರದೇಶಗಳಲ್ಲಿದ್ದಾರೆ, ಹೀಗಾಗಿ ಝೂಮ್ ಸಭೆಯಲ್ಲಿ ಕಾರ್ಯಕ್ರಮ ನಡೆಸಿ ಅದನ್ನೇ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡುವುದು ನಮ್ಮ ಪದ್ಧತಿ.

ನಮ್ಮ ಬಳಿ ಇರುವುದು ವಿಂಡೋಸ್ 11 ಇರುವ ಒಂದು ಲ್ಯಾಪ್‌ಟಾಪ್ ಮತ್ತು ಒಂದು ಯುಎಸ್‌ಬಿ ಮೈಕ್. ಗಮಕಿಗಳು ಮೈಕಿನ ಮುಂದೆ ಕುಳಿತು ವಾಚಿಸುತ್ತಾರೆ. ಶ್ರುತಿಗಾಗಿ ಅದೇ ಲ್ಯಾಪ್‌ಟಾಪಿನಲ್ಲಿ ತಂಬೂರಿಯ ತಂತ್ರಾಂಶವೊಂದನ್ನು ಹಾಕಿಕೊಳ್ಳುತ್ತೇವೆ. ನಡುನಡುವೆ ಹಿರಿಯ ಗಮಕಿಗಳ ಹಳೆಯ ಧ್ವನಿಮುದ್ರಣಗಳಿಂದ ಒಂದೆರಡು ಪದ್ಯಗಳನ್ನು ಕೇಳಿಸುವುದೂ ಉಂಟು.

ತೊಡಕುಗಳು ಹೀಗಿವೆ. ಶ್ರುತಿಯು ಆರಂಭದಲ್ಲಿ ಕೆಲವು ಕ್ಷಣ ಕೇಳಿಸಿ ಆಮೇಲೆ ಮಾಯವಾಗುತ್ತದೆಂದು ಕೇಳುಗರು ಹೇಳುತ್ತಾರೆ. ಇಲ್ಲಿ ಕೋಣೆಯಲ್ಲಿ ಅದು ನಿಲ್ಲದೆ ನುಡಿಯುತ್ತಲೇ ಇರುತ್ತದೆ. ಧ್ವನಿಮುದ್ರಣವನ್ನು ಸ್ಪೀಕರಿನಲ್ಲಿ ನುಡಿಸಿ ಮೈಕಿಗೆ ಹಿಡಿದರೆ ಬಾವಿಯ ತಳದಿಂದ ಬಂದಂತೆ ಕೇಳಿಸುತ್ತದೆ, ಇಯರ್‌ಫೋನ್ ಹಾಕಿಕೊಂಡರೆ ಯಾರಿಗೂ ಕೇಳಿಸುವುದೇ ಇಲ್ಲ. ಯಾರೋ ಹೇಳಿದರೆಂದು ವಿಂಡೋಸಿನ ಧ್ವನಿ ಸೆಟ್ಟಿಂಗ್ಸ್‌ನಲ್ಲಿ ಸ್ಟೀರಿಯೊ ಮಿಕ್ಸ್ ಎಂಬುದನ್ನು ಆನ್ ಮಾಡಿ ಝೂಮ್‌ನ ಮೈಕ್ ಆಗಿ ಆರಿಸಿದಾಗ ಧ್ವನಿಮುದ್ರಣವೇನೋ ಸ್ಪಷ್ಟವಾಗಿ ಹೋಯಿತು, ಆದರೆ ವ್ಯಾಖ್ಯಾನಕಾರರಿಗೆ ತಮ್ಮದೇ ಮಾತು ಅರೆಕ್ಷಣ ತಡವಾಗಿ ಮರಳಿ ಕೇಳತೊಡಗಿ ಅವರು ವಾಕ್ಯ ಮುಗಿಸಲಾಗದೆ ನಿಲ್ಲಿಸಬೇಕಾಯಿತು. ಹೆಚ್ಚು ಹಣ ಖರ್ಚು ಮಾಡದೆ ಇದನ್ನು ಸರಿಪಡಿಸುವ ಬಗೆ ಯಾವುದು?

ಕಿವಿಗೊಟ್ಟವ ಬರೆದದ್ದು:

ಶ್ರುತಿ ಮಾಯವಾಗುವುದಕ್ಕೆ ಕಾರಣ ಸರಳವಾಗಿದೆ. ವಿಡಿಯೊ ಸಭೆಯ ತಂತ್ರಾಂಶಗಳೆಲ್ಲವೂ ಮಾತಿಗಾಗಿ ರೂಪುಗೊಂಡಿರುವಂಥವು. ಮೈಕಿನಿಂದ ಬರುವ ಧ್ವನಿಯಲ್ಲಿ ಏರಿಳಿತವಿಲ್ಲದೆ ಒಂದೇ ಸಮನೆ ಇರುವುದನ್ನು ಅವು ಫ್ಯಾನಿನ ಸದ್ದು ಎಂದು ಎಣಿಸಿ ತೆಗೆದುಹಾಕುತ್ತವೆ. ಏನನ್ನು ತೆಗೆಯಬೇಕೆಂದು ಕಂಡುಕೊಳ್ಳಲು ಕೆಲವು ಕ್ಷಣ ಬೇಕಾಗುವುದರಿಂದಲೇ ನಿಮ್ಮ ಶ್ರುತಿ ಮೊದಲು ಕೇಳಿಸಿ ಆಮೇಲೆ ಅಡಗುತ್ತದೆ. ತಂಬೂರಿಯ ನಾದಕ್ಕಿಂತ ಒಂದೇ ಸಮನಾದ ಸದ್ದು ಇನ್ನೊಂದಿಲ್ಲವಷ್ಟೆ! ಗಮಕಿಗಳು ಒಂದು ಸ್ವರದ ಮೇಲೆ ದೀರ್ಘವಾಗಿ ನಿಂತಾಗ ಅವರ ಕಂಠವೂ ಕೊನೆಯಲ್ಲಿ ಸವೆದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಝೂಮ್‌ನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್ ಎಂಬ ಆಯ್ಕೆ ಇದೆ. ಅದನ್ನು ಆರಿಸಿ, ಅದರ ಕೆಳಗಿರುವ ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್ ಅನ್ನೂ ಗುರುತು ಮಾಡಿಕೊಳ್ಳಿ. ಇಷ್ಟು ಮಾಡಿದರೆ ಸಾಲದು. ಸಭೆ ಆರಂಭವಾದ ಮೇಲೆ ಕಿಟಕಿಯ ಮೇಲ್ಭಾಗದಲ್ಲಿ ಕಾಣುವ ಅದೇ ಹೆಸರಿನ ಗುಂಡಿ ಆನ್ ಆಗಿದೆಯೇ ಎಂದು ಪ್ರತಿ ಸಲವೂ ನೋಡಬೇಕು. ಇದನ್ನು ಮಾಡಬೇಕಾದದ್ದು ಧ್ವನಿ ಕಳುಹಿಸುವವರು, ಕೇಳುವವರಲ್ಲ. ಪ್ರತಿಧ್ವನಿ ತಡೆಯುವ ವ್ಯವಸ್ಥೆಯನ್ನೂ ಆಫ್ ಮಾಡುವುದಾದರೆ ಗಮಕಿಗಳು ಇಯರ್‌ಫೋನ್ ಹಾಕಿಕೊಳ್ಳಲೇಬೇಕು.

ಧ್ವನಿಮುದ್ರಣಗಳಿಗೆ ಮೈಕಿನ ಗೊಡವೆಯೇ ಬೇಡ. ಶೇರ್ ಸ್ಕ್ರೀನ್ ಒತ್ತಿದಾಗ ಕೆಳಗೆ ಶೇರ್ ಸೌಂಡ್ ಎಂಬ ಚಿಕ್ಕ ಚೌಕವಿರುತ್ತದೆ. ತೆರೆಯನ್ನು ತೋರಿಸುವ ಇಷ್ಟವಿಲ್ಲದಿದ್ದರೆ ಅಡ್ವಾನ್ಸ್ಡ್ ವಿಭಾಗದಲ್ಲಿ ಕಂಪ್ಯೂಟರ್ ಆಡಿಯೊ ಎಂಬುದನ್ನು ಆರಿಸಿ ಧ್ವನಿಯನ್ನಷ್ಟೇ ಹಂಚಬಹುದು. ಹೀಗೆ ಹೋಗುವ ಧ್ವನಿಗೆ ಮೈಕಿನ ಸೋಸುವಿಕೆ ತಾಗುವುದಿಲ್ಲ, ಸಭೆಯಲ್ಲಿರುವವರ ಮಾತನ್ನೂ ಝೂಮ್ ಅದರೊಳಗೆ ಸೇರಿಸುವುದಿಲ್ಲ, ಆದ್ದರಿಂದ ವ್ಯಾಖ್ಯಾನಕಾರರಿಗೆ ತಮ್ಮ ಮಾತು ಮರಳಿ ಕೇಳಿಸದು. ಗೂಗಲ್ ಮೀಟ್ ಬಳಸುವವರು ಕ್ರೋಮ್‌ನ ಒಂದು ಟ್ಯಾಬ್ ಅನ್ನು ಹಂಚಿ ಟ್ಯಾಬಿನ ಆಡಿಯೊ ಆಯ್ಕೆಯನ್ನು ಆನ್ ಮಾಡಿದರೆ ಇದೇ ಕೆಲಸವಾಗುತ್ತದೆ. ನಿಮ್ಮ ಶ್ರುತಿಯನ್ನೂ ಈ ದಾರಿಯಲ್ಲೇ ಕಳುಹಿಸಬಹುದು.

ಕಡಲತಡಿ ಬರೆದದ್ದು:

ನಾವು ತಾಳಮದ್ದಳೆಯನ್ನು ಆನ್‌ಲೈನ್‌ನಲ್ಲಿ ನಡೆಸುವವರು. ಮೇಲಿನ ಸಲಹೆ ಸರಿಯೇ, ಆದರೂ ಶ್ರುತಿಯನ್ನು ಲ್ಯಾಪ್‌ಟಾಪಿನಿಂದ ಬಿಡಿಸಿಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಯುಎಸ್‌ಬಿ ಇರುವ ಚಿಕ್ಕ ಮಿಕ್ಸರ್ ಒಂದನ್ನು ಎರವಲು ತಂದಾದರೂ ಸರಿ, ಒಂದು ಚಾನೆಲ್‌ಗೆ ಗಮಕಿಗಳ ಸಾಮಾನ್ಯ ಡೈನಾಮಿಕ್ ಮೈಕನ್ನೂ ಇನ್ನೊಂದಕ್ಕೆ ಶ್ರುತಿಪೆಟ್ಟಿಗೆಯ ಅಥವಾ ಮೊಬೈಲಿನ ಇಯರ್‌ಫೋನ್ ರಂಧ್ರದಿಂದ ಬರುವ ವಯರನ್ನೂ ಸಿಕ್ಕಿಸಿದರೆ, ಕಂಪ್ಯೂಟರಿಗೆ ಎರಡೂ ಬೆರೆತ ಒಂದೇ ಧ್ವನಿ ಹೋಗುತ್ತದೆ. ಕಾರ್ಯಕ್ರಮದ ನಡುವೆ ಶ್ರುತಿ ಹೆಚ್ಚಾಯಿತೆಂದು ಗಮಕಿಗಳು ಕೈಸನ್ನೆ ಮಾಡಿದರೆ ಗುಬಟು ತಿರುಗಿಸಿದರಾಯಿತು, ತೆರೆಯ ಮೇಲೆ ಹುಡುಕಬೇಕಾಗಿಲ್ಲ. ಒರಿಜಿನಲ್ ಸೌಂಡ್ ಮಾತ್ರ ಇಲ್ಲಿಯೂ ಆನ್ ಇರಲೇಬೇಕು.

ಇನ್ನೊಂದು ಮಾತು. ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿದೊಡನೆ ಮಿಕ್ಸರಿನಲ್ಲಿ ಗುಂಯ್ ಎಂಬ ಸದ್ದು ಬಂದರೆ ಅದು ಅರ್ತಿಂಗ್‌ನ ತಂಟೆ. ಎರಡನ್ನೂ ಒಂದೇ ವಿಸ್ತರಣಾ ಹಲಗೆಗೆ ಸಿಕ್ಕಿಸಿ ನೋಡಿ, ಅದಕ್ಕೂ ಬಗ್ಗದಿದ್ದರೆ ಧ್ವನಿಯನ್ನು ಮಾತ್ರ ದಾಟಿಸಿ ಎರಡರ ನಡುವಿನ ವಿದ್ಯುತ್ ಸಂಪರ್ಕವನ್ನು ಕಡಿಯುವ, ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಪೆಟ್ಟಿಗೆ ಬೇಕಾಗುತ್ತದೆ.

ಗಮಕದವರಾದ ನೀವು ಒಂದು ವಿಷಯದಲ್ಲಿ ಅದೃಷ್ಟವಂತರು. ಭಾಗವತರು ಒಂದೂರಿನಲ್ಲಿ, ಮದ್ದಳೆಯವರು ಇನ್ನೊಂದೂರಿನಲ್ಲಿ ಕುಳಿತು ಇಂಟರ್‌ನೆಟ್ ಮೂಲಕ ಜತೆಗೂಡುವುದು ಆಗದ ಮಾತು; 25–30 ಮಿಲಿಸೆಕೆಂಡುಗಳಿಗಿಂತ ಹೆಚ್ಚು ತಡವಾದರೆ ಲಯ ಜಾರತೊಡಗುತ್ತದೆ, ಸಭೆಯ ತಂತ್ರಾಂಶಗಳಲ್ಲಿ ತಡವಾಗುವುದು ಅದಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ನಾವು ಹಿಮ್ಮೇಳವನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ ಪಾತ್ರಗಳ ಮಾತಾಡುವ ಅರ್ಥಧಾರಿಗಳನ್ನು ಮಾತ್ರ ಅವರವರ ಮನೆಗಳಲ್ಲಿ ಬಿಡುತ್ತೇವೆ. ಗಮಕಕ್ಕೆ ತಾಳದ ಕಟ್ಟಿಲ್ಲ, ವಾಚನ ಮುಗಿದ ಮೇಲೆ ವ್ಯಾಖ್ಯಾನ ಬರುತ್ತದೆ, ನಡುವೆ ಅರೆಸೆಕೆಂಡು ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ.

ನಾದತಂತಿ ಬರೆದದ್ದು:

ಕಡಲತಡಿಯವರು ಹೇಳಿದ ಮಿಕ್ಸರಿನ ದಾರಿ ಚೆನ್ನಾಗಿದೆ, ಆದರೆ ಕೊಳ್ಳುವ ಮೊದಲು ಒಂದು ಎಚ್ಚರಿಕೆ ಬೇಕು. ಯಮಹಾ ಎಜಿ03ರಂತಹ ಉಪಕರಣಗಳಲ್ಲಿ ಲೂಪ್‌ಬ್ಯಾಕ್ ಎಂಬ ಸ್ವಿಚ್ ಇರುತ್ತದೆ. ಕಂಪ್ಯೂಟರಿನಲ್ಲಿ ನುಡಿಯುವುದನ್ನೆಲ್ಲ ಮೈಕಿನೊಡನೆ ಬೆರೆಸಿ ಕಂಪ್ಯೂಟರಿಗೇ ಮರಳಿಸುವುದು ಅದರ ಕೆಲಸ. ಒಬ್ಬರೇ ಕುಳಿತು ಯೂಟ್ಯೂಬಿಗೆ ಹಾಡುವವರಿಗೆ ಅದು ವರವೇ ಸರಿ. ಝೂಮ್ ಸಭೆಯಲ್ಲಿ ಅದನ್ನು ಆನ್ ಮಾಡಿದರೆ ಮೈಸೂರಿನಿಂದ ಬಂದ ಮಾತು ಮೈಸೂರಿಗೇ ಹಿಂದಿರುಗುತ್ತದೆ. ಷಟ್ಪದಿಪ್ರಿಯರ ಸ್ಟೀರಿಯೊ ಮಿಕ್ಸ್‌ನಲ್ಲಿ ಆದದ್ದು ಇದೇ.

ಹಾಗಾಗಿ ತಂತ್ರಾಂಶಕ್ಕೆ ಕೈಹಾಕುವ ಮುನ್ನ ಒಂದು ಕಾಗದದ ಮೇಲೆ ಯಾರ ಕಿವಿಗೆ ಏನೇನು ಹೋಗಬೇಕೆಂದು ಬರೆದುಕೊಳ್ಳಿರಿ. ಗಮಕಿಗಳಿಗೆ ಶ್ರುತಿ, ಧ್ವನಿಮುದ್ರಣ, ವ್ಯಾಖ್ಯಾನಕಾರರ ಮಾತು ಕೇಳಿಸಬೇಕು. ಝೂಮ್ ಸಭೆಗೆ ಗಮಕಿಗಳ ಕಂಠ, ಶ್ರುತಿ, ಧ್ವನಿಮುದ್ರಣ ಹೋಗಬೇಕು, ಸಭೆಯಿಂದ ಬಂದ ಮಾತು ಮಾತ್ರ ಹೋಗಬಾರದು. ಯೂಟ್ಯೂಬಿಗೆ ಎಲ್ಲವೂ ಹೋಗಬೇಕು. ಮೂರು ಕಡೆಗೂ ಹೋಗುವ ಮಿಶ್ರಣ ಬೇರೆಬೇರೆಯಾಗಿದೆ ಎಂಬುದೇ ಇಲ್ಲಿನ ಗಂಟು. ಬಾನುಲಿ ಮತ್ತು ಟಿವಿ ಸ್ಟುಡಿಯೊಗಳಲ್ಲಿ ದೂರವಾಣಿಯ ಮೂಲಕ ಮಾತನಾಡುವವರಿಗೆ ಅವರ ಧ್ವನಿಯೊಂದನ್ನು ಕಳೆದು ಉಳಿದದ್ದನ್ನು ಕಳುಹಿಸುವ ಇಂಥ ಮಿಶ್ರಣವನ್ನು ಮಿಕ್ಸ್ ಮೈನಸ್ ಎನ್ನುತ್ತಾರೆ.

ವಿಂಡೋಸಿನಲ್ಲಿ ಇದನ್ನು ವಾಯ್ಸ್‌ಮೀಟರ್ ಬನಾನಾ ಎಂಬ ತಂತ್ರಾಂಶದಿಂದ ಮಾಡಬಹುದು. ಅದು ದೇಣಿಗೆಯ ಆಧಾರದ ಮೇಲೆ ಸಿಗುತ್ತದೆ, ಹಣ ಕೊಡದೆಯೂ ಬಳಸಿ ನೋಡಬಹುದು. ಅದರಲ್ಲಿ ಮೂರು ನಿಜವಾದ ಒಳದಾರಿಗಳೂ ಇತರ ತಂತ್ರಾಂಶಗಳ ಧ್ವನಿ ಬರುವ ಎರಡು ಕಾಲ್ಪನಿಕ ಒಳದಾರಿಗಳೂ ಇವೆ. ಹೊರಕ್ಕೆ ಎ1, ಎ2, ಎ3 ಎಂಬವು ಇಯರ್‌ಫೋನ್, ಸ್ಪೀಕರುಗಳಿಗೆ ಹೋಗುತ್ತವೆ; ಬಿ1, ಬಿ2 ಎಂಬವು ಇತರ ತಂತ್ರಾಂಶಗಳ ಕಣ್ಣಿಗೆ ಮೈಕುಗಳಂತೆ ಕಾಣುತ್ತವೆ. ಸ್ಥಾಪಿಸಿದ ಮೇಲೆ ಕಂಪ್ಯೂಟರನ್ನು ಒಮ್ಮೆ ಮರುಚಾಲನೆ ಮಾಡಬೇಕು. ಅನಂತರ ಎ1ಕ್ಕೆ ಗಮಕಿಗಳ ಇಯರ್‌ಫೋನನ್ನು ಕೊಡಿ. ಮೊದಲ ಒಳದಾರಿಗೆ ಯುಎಸ್‌ಬಿ ಮೈಕನ್ನು ಕೊಟ್ಟು ತೆರೆಯ ಮೇಲೆ ಅದಕ್ಕಿರುವ ಉದ್ದ ಪಟ್ಟಿಯಲ್ಲಿ ಬಿ1, ಬಿ2 ಗುಂಡಿಗಳೆರಡನ್ನೂ ಬೆಳಗಿಸಿ. ತಮ್ಮ ಕಂಠ ತಮಗೇ ತಡವಾಗಿ ಕೇಳಿಸದಿರಲೆಂದು ಎ1 ಅನ್ನು ಆಫ್ ಮಾಡಿಡಿ. ವಿಂಡೋಸಿನ ಸಾಮಾನ್ಯ ಧ್ವನಿಸಾಧನವನ್ನಾಗಿ ವಾಯ್ಸ್‌ಮೀಟರ್ ಇನ್‌ಪುಟ್ ಅನ್ನು ಆರಿಸಿದರೆ ತಂಬೂರಿಯೂ ಧ್ವನಿಮುದ್ರಣವೂ ಮೊದಲ ಕಾಲ್ಪನಿಕ ಪಟ್ಟಿಗೆ ಬರುತ್ತವೆ; ಅಲ್ಲಿ ಎ1, ಬಿ1, ಬಿ2 ಮೂರೂ ಬೆಳಗಬೇಕು. ಝೂಮ್‌ನ ಸ್ಪೀಕರ್ ಆಗಿ ವಾಯ್ಸ್‌ಮೀಟರ್ ಆಕ್ಸ್ ಇನ್‌ಪುಟ್ ಅನ್ನು ಆರಿಸಿ. ಸಭೆಯ ಮಾತು ಎರಡನೆಯ ಕಾಲ್ಪನಿಕ ಪಟ್ಟಿಗೆ ಬರುತ್ತದೆ, ಅಲ್ಲಿ ಎ1 ಮತ್ತು ಬಿ2 ಮಾತ್ರ ಬೆಳಗಿರಲಿ. ಆ ಪಟ್ಟಿಯ ಬಿ1 ಗುಂಡಿಯನ್ನು ಯಾರೂ ಮುಟ್ಟಬಾರದು, ಏಕೆಂದರೆ ಪ್ರತಿಧ್ವನಿ ಹುಟ್ಟುವುದು ಅಲ್ಲಿಂದಲೇ. ಕೊನೆಗೆ ಝೂಮ್‌ನ ಮೈಕ್ ಬಿ1 ಆಗಬೇಕು, ಯೂಟ್ಯೂಬಿಗೆ ಕಳುಹಿಸುವ ಓಬಿಎಸ್ ಸ್ಟುಡಿಯೊ ಎಂಬ ತಂತ್ರಾಂಶದ ಮೈಕ್ ಬಿ2 ಆಗಬೇಕು. ಓಬಿಎಸ್‌ನಲ್ಲಿ ಡೆಸ್ಕ್‌ಟಾಪ್ ಆಡಿಯೊ ಎಂಬುದನ್ನು ಪೂರ್ತಿಯಾಗಿ ಆಫ್ ಮಾಡಿ, ಇಲ್ಲವಾದರೆ ಒಂದೇ ಧ್ವನಿ ಎರಡು ದಾರಿಗಳಿಂದ ಬಂದು ಕಲಸಿಹೋಗುತ್ತದೆ.

ಈಗ ಶ್ರುತಿಯೂ ಧ್ವನಿಮುದ್ರಣವೂ ಝೂಮ್‌ನ ಮೈಕಿನ ದಾರಿಯಲ್ಲೇ ಹೋಗುತ್ತಿರುವುದರಿಂದ ಕಿವಿಗೊಟ್ಟವರು ಹೇಳಿದ ಒರಿಜಿನಲ್ ಸೌಂಡ್ ಇಲ್ಲಿ ಅನಿವಾರ್ಯ, ಶೇರ್ ಸೌಂಡ್ ಬೇಕಾಗಿಲ್ಲ. ಎರಡನ್ನೂ ಆನ್ ಮಾಡಿದರೆ ಧ್ವನಿಮುದ್ರಣ ಜೋಡಿಯಾಗಿ ಕೇಳಿಸೀತು.

ಇದರ ಜೊತೆಗೆ ವಿಂಡೋಸಿನ ಒಂದು ಹಳೆಯ ಸೆಟ್ಟಿಂಗ್ ನಿಮ್ಮನ್ನು ಸತಾಯಿಸಬಹುದು. ಹಳೆಯ ಕಂಟ್ರೋಲ್ ಪ್ಯಾನೆಲ್‌ನ ಸೌಂಡ್ ಕಿಟಕಿಯಲ್ಲಿ ಕಮ್ಯುನಿಕೇಶನ್ಸ್ ಎಂಬ ಟ್ಯಾಬ್ ಇದೆ. ಕರೆ ಬಂದಿದೆಯೆಂದು ತಿಳಿದೊಡನೆ ಇತರ ಧ್ವನಿಗಳನ್ನು 80% ತಗ್ಗಿಸುವಂತೆ ಅದು ಮೊದಲೇ ಹೊಂದಿಸಲ್ಪಟ್ಟಿರುತ್ತದೆ. ಸಭೆ ಆರಂಭವಾದೊಡನೆ ತಂಬೂರಿ ಇದ್ದಕ್ಕಿದ್ದಂತೆ ಕ್ಷೀಣವಾದರೆ ಇದೇ ಕಾರಣವಿರಬಹುದು. ಅಲ್ಲಿ ಡೂ ನಥಿಂಗ್ ಎಂಬುದನ್ನು ಆರಿಸಿ. ಎಲ್ಲ ಸಾಧನಗಳ ಸ್ಯಾಂಪಲ್ ರೇಟನ್ನೂ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಬೇಕೆಂಬ ಸಂಖ್ಯೆ) 48,000 ಹರ್ಟ್ಸ್‌ಗೆ ಇಡಿ. ಒಂದು 44,100, ಇನ್ನೊಂದು 48,000 ಇದ್ದರೆ ಚಿಟಚಿಟ ಸದ್ದು ಬರುವುದುಂಟು. ನಡುವಿನ ಪರಿವರ್ತನೆ ಎಲ್ಲಾದರೂ ತಪ್ಪಿ 44,100ರ ಧ್ವನಿ 48,000ರ ವೇಗದಲ್ಲಿ ನುಡಿದರೆ ಶ್ರುತಿಯೇ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಮೇಲೇರುತ್ತದೆ. ಇದು ಅಪರೂಪ, ಆದರೆ ಗಮಕದವರ ಕಿವಿಗೆ ತಪ್ಪಿಸಿಕೊಳ್ಳಲಾರದು.

ಷಟ್ಪದಿಪ್ರಿಯ ಬರೆದದ್ದು:

ಮೂವರಿಗೂ ಕೃತಜ್ಞತೆಗಳು. ನಾದತಂತಿಯವರ ಜೋಡಣೆಯಂತೆ ಮಾಡಿ, ಪಕ್ಕದ ಮನೆಯಲ್ಲಿ ಒಬ್ಬರನ್ನು ಮೊಬೈಲ್ ಇಂಟರ್‌ನೆಟ್‌ನಲ್ಲಿ ಸಭೆಗೆ ಸೇರಿಸಿ ಕೇಳಿಸಿ ನೋಡಿದೆವು. ಶ್ರುತಿ ನಿಲ್ಲುತ್ತದೆ, ಪ್ರತಿಧ್ವನಿಯೂ ಇಲ್ಲ. ಈಗ ಉಳಿದಿರುವ ಪ್ರಶ್ನೆಗಳು ಬೇರೆ ಬಗೆಯವು. ಯೂಟ್ಯೂಬಿನಲ್ಲಿ ಗಮಕಿಗಳ ತುಟಿ ಚಲನೆಗೂ ಧ್ವನಿಗೂ ತುಸು ಅಂತರ ಕಾಣುತ್ತದೆ, ಧ್ವನಿ ಮುಂದಾಗಿ ತುಟಿ ಹಿಂದಾಗುತ್ತದೆ. ಝೂಮ್‌ನಿಂದಲೇ ನೇರವಾಗಿ ಯೂಟ್ಯೂಬಿಗೆ ಕಳುಹಿಸುವ ಸೌಲಭ್ಯ ಹಣ ಕೊಡುವ ಖಾತೆಗಳಲ್ಲಿ ಇದೆಯಲ್ಲ, ಅದಕ್ಕಿಂತ ಓಬಿಎಸ್ ಮೇಲೆಂದು ಹೇಳಲು ಕಾರಣವೇನು? ಹಳೆಯ ಧ್ವನಿಮುದ್ರಣಗಳನ್ನು ನೇರಪ್ರಸಾರದಲ್ಲಿ ಕೇಳಿಸಿದರೆ ಹಕ್ಕುಗಳ ತಕರಾರು ಬರುವುದೇ? ಕಾವ್ಯ ಕುಮಾರವ್ಯಾಸನದು, ಅದಕ್ಕೆ ಯಾರ ಹಕ್ಕೂ ಇರಲಾರದೆಂದು ನಮ್ಮಲ್ಲಿ ಕೆಲವರ ವಾದ. ವ್ಯಾಖ್ಯಾನಕಾರರ ಬಳಿ ಇರುವುದು ಮ್ಯಾಕ್, ಅವರೂ ಒಂದೆರಡು ಧ್ವನಿಮುದ್ರಣಗಳನ್ನು ಕೇಳಿಸಬಯಸುತ್ತಾರೆ.

ನಾದತಂತಿ ಬರೆದದ್ದು:

ಕ್ಯಾಮೆರಾದ ಚಿತ್ರ ಕಂಪ್ಯೂಟರನ್ನು ತಲುಪಿ ಸಿದ್ಧವಾಗುವುದಕ್ಕೆ ಧ್ವನಿಗಿಂತ ಹೆಚ್ಚು ಹೊತ್ತು ಬೇಕಾಗುವುದರಿಂದ ಧ್ವನಿಯನ್ನೇ ಸ್ವಲ್ಪ ತಡೆಯಬೇಕು. ಓಬಿಎಸ್‌ನ ಆಡಿಯೊ ಮಿಕ್ಸರಿನಲ್ಲಿ ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್ ತೆರೆದರೆ ಸಿಂಕ್ ಆಫ್‌ಸೆಟ್ ಎಂಬ ಅಂಕಣವಿದೆ. ಗಮಕಿಗಳು ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ತಟ್ಟಲಿ, ಅದನ್ನು ಮುದ್ರಿಸಿಕೊಂಡು ನೋಡುತ್ತ 100 ಮಿಲಿಸೆಕೆಂಡಿನಿಂದ ಆರಂಭಿಸಿ ಚಿತ್ರಕ್ಕೂ ಸದ್ದಿಗೂ ಹೊಂದಿಕೆಯಾಗುವವರೆಗೆ ಸಂಖ್ಯೆಯನ್ನು ಏರಿಳಿಸಿ.

ಓಬಿಎಸ್ ಮೇಲೆನ್ನಲು ಕಾರಣ ಗುಣಮಟ್ಟ. ಝೂಮ್‌ನಿಂದ ನೇರವಾಗಿ ಕಳುಹಿಸಿದಾಗ ಗಮಕಿಗಳ ಕಂಠ ಮೊದಲು ಸಭೆಗಾಗಿ ಕುಗ್ಗಿ, ಆಮೇಲೆ ಯೂಟ್ಯೂಬಿಗಾಗಿ ಇನ್ನೊಮ್ಮೆ ಕುಗ್ಗುತ್ತದೆ. ನಿಮ್ಮ ಈಗಿನ ಜೋಡಣೆಯಲ್ಲಿ ಮೈಕಿನ ಧ್ವನಿ ಝೂಮ್ ಅನ್ನು ಹಾಯದೆ ಓಬಿಎಸ್‌ಗೆ ಹೋಗುವುದರಿಂದ ಯೂಟ್ಯೂಬಿನ ಕೇಳುಗರು ಸಭೆಯಲ್ಲಿ ಇರುವವರಿಗಿಂತ ಚೆನ್ನಾಗಿ ಕೇಳುತ್ತಾರೆ. ಆದರೆ ಇದೇ ಕಾರಣದಿಂದ ಒಂದು ಅಪಾಯವೂ ಇದೆ: ವ್ಯಾಖ್ಯಾನದ ವೇಳೆ ಗಮಕಿಗಳು ಝೂಮ್‌ನಲ್ಲಿ ಮ್ಯೂಟ್ ಒತ್ತಿ ನೀರು ಕುಡಿಯುತ್ತ ಪಕ್ಕದವರೊಡನೆ ಮಾತನಾಡಿದರೆ ಸಭೆಗೆ ಕೇಳಿಸದು, ಯೂಟ್ಯೂಬಿಗೆ ಪೂರ್ತಿಯಾಗಿ ಕೇಳಿಸುತ್ತದೆ. ಮ್ಯೂಟ್ ಮಾಡಬೇಕಾದದ್ದು ವಾಯ್ಸ್‌ಮೀಟರಿನ ಮೈಕ್ ಪಟ್ಟಿಯಲ್ಲಿ. ಅದನ್ನು ನೋಡಿಕೊಳ್ಳುವುದಕ್ಕೆಂದೇ ಲ್ಯಾಪ್‌ಟಾಪಿನ ಮುಂದೆ ಒಬ್ಬರು ಕುಳಿತಿರಲಿ, ಗಮಕಿಗಳಿಗೆ ಆ ಹೊರೆ ಬೇಡ. ಕಂಠದ ಧ್ವನಿಯ ಗರಿಷ್ಠ ಮಟ್ಟ ಸುಮಾರು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಎತ್ತರದ ಸ್ಥಾಯಿಗೆ ಏರಿದಾಗಲೂ ಒಡೆಯುವುದಿಲ್ಲ.

ಕಿವಿಗೊಟ್ಟವ ಬರೆದದ್ದು:

ಹಕ್ಕುಗಳ ಬಗ್ಗೆ ಹೇಳುವುದಾದರೆ, ಕಾವ್ಯದ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಗದುಗಿನ ಭಾರತವನ್ನು ಯಾರು ಬೇಕಾದರೂ ವಾಚಿಸಬಹುದು. ಆದರೆ ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣವೊಂದಕ್ಕೆ ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷಗಳ ರಕ್ಷಣೆ ಇದೆ. ಕ್ಯಾಸೆಟ್ ಕಾಲದ ಮುದ್ರಣಗಳು ಬಹುಪಾಲು ಇನ್ನೂ ಆ ಅವಧಿಯೊಳಗೇ ಇವೆ. ಯೂಟ್ಯೂಬ್ ನೇರಪ್ರಸಾರವನ್ನೂ ಕಂಟೆಂಟ್ ಐಡಿ ಎಂಬ, ಹಕ್ಕುಳ್ಳ ಮುದ್ರಣಗಳನ್ನು ತಾನಾಗಿ ಗುರುತಿಸುವ ವ್ಯವಸ್ಥೆಯ ಮೂಲಕ ಪರಿಶೀಲಿಸುತ್ತದೆ. ಹೊಂದಿಕೆ ಕಂಡುಬಂದರೆ ಎಚ್ಚರಿಕೆ ಕೊಡಬಹುದು, ಪ್ರಸಾರದ ಜಾಗದಲ್ಲಿ ಬರಿಯ ಚಿತ್ರವೊಂದನ್ನು ತೋರಿಸಬಹುದು, ಪ್ರಸಾರವನ್ನೇ ನಿಲ್ಲಿಸಲೂಬಹುದು. ಹಕ್ಕುದಾರರಿಂದ ಬರವಣಿಗೆಯಲ್ಲಿ ಅನುಮತಿ ಪಡೆಯುವುದು ಸರಿಯಾದ ದಾರಿ. ಅದು ಸಿಗುವವರೆಗೆ ಅಂತಹ ಪದ್ಯಗಳನ್ನು ಗಮಕಿಗಳಿಂದಲೇ ವಾಚಿಸಿಸಿರಿ. ಹೊಸ ಚಾನೆಲ್ ತೆರೆಯುವುದಾದರೆ, ನೇರಪ್ರಸಾರದ ಸೌಲಭ್ಯ ಮೊದಲ ಸಲ ದೊರೆಯಲು 24 ಗಂಟೆಗಳವರೆಗೆ ಕಾಯಬೇಕಾಗಬಹುದೆಂಬುದೂ ನೆನಪಿರಲಿ.

ಆಲಿಸುವೆ ಬರೆದದ್ದು:

ಮ್ಯಾಕ್ ಬಳಸುವವಳಾದ್ದರಿಂದ ಆ ಭಾಗಕ್ಕೆ ಉತ್ತರಿಸುತ್ತೇನೆ. ವ್ಯಾಖ್ಯಾನಕಾರರು ಬರಿದೆ ಒಂದೆರಡು ಧ್ವನಿಮುದ್ರಣ ಕೇಳಿಸುವುದಾದರೆ ಝೂಮ್‌ನ ಶೇರ್ ಸೌಂಡ್ ಸಾಕು, ಬೇರೇನೂ ಬೇಡ. ಮೊದಲ ಸಲ ಆನ್ ಮಾಡುವಾಗ ಮ್ಯಾಕ್ ಪಾಸ್‌ವರ್ಡ್ ಕೇಳಿದರೆ ಕೊಡಬೇಕಾಗುತ್ತದೆ, ಆದ್ದರಿಂದ ಹಿಂದಿನ ದಿನವೇ ಒಮ್ಮೆ ಮಾಡಿ ನೋಡಲಿ. ಮುಂದೆ ಎಂದಾದರೂ ವಾಚನವೇ ಅವರ ಕಡೆಯಿಂದ ನಡೆಯುವುದಾದರೆ ಬ್ಲ್ಯಾಕ್‌ಹೋಲ್ ಎಂಬ ಉಚಿತ ಕಾಲ್ಪನಿಕ ಧ್ವನಿಸಾಧನವನ್ನು ಸ್ಥಾಪಿಸಿಕೊಂಡು, ಮೈಕನ್ನೂ ಧ್ವನಿಮುದ್ರಣದ ಕಡತಗಳನ್ನೂ ಓಬಿಎಸ್‌ಗೆ ತಂದು, ಓಬಿಎಸ್‌ನ ಮಾನಿಟರಿಂಗ್ ಸಾಧನವನ್ನಾಗಿ ಬ್ಲ್ಯಾಕ್‌ಹೋಲ್ ಅನ್ನೂ ಝೂಮ್‌ನ ಮೈಕ್ ಆಗಿ ಅದನ್ನೇ ಆರಿಸಬಹುದು. ಝೂಮ್‌ನ ಸ್ಪೀಕರ್ ಮಾತ್ರ ನೇರವಾಗಿ ಇಯರ್‌ಫೋನ್ ಆಗಿರಬೇಕು, ಬ್ಲ್ಯಾಕ್‌ಹೋಲ್ ಆಗಬಾರದು. ಓಬಿಎಸ್‌ನ ವರ್ಚುವಲ್ ಕ್ಯಾಮೆರಾ ಚಿತ್ರವನ್ನಷ್ಟೇ ಒಯ್ಯುತ್ತದೆ, ಧ್ವನಿಯನ್ನಲ್ಲ. ಧ್ವನಿಗೆ ಈ ಸುತ್ತುದಾರಿ ಬೇಕಾಗುವುದು ಅದರಿಂದಲೇ.

ಹಾಗೆಯೇ ವ್ಯಾಖ್ಯಾನಕಾರರು ಬ್ಲೂಟೂತ್ ಇಯರ್‌ಫೋನ್ ಬಳಸುತ್ತಿದ್ದರೆ ಬಿಡಿಸಿ. ಅದರ ಮೈಕ್ ಬಳಕೆಗೆ ಬಂದೊಡನೆ ಅದು ಕರೆಯ ಸ್ಥಿತಿಗೆ ಇಳಿದು, ಮಾತಾಡುವುದಷ್ಟೇ ಅಲ್ಲ, ಕೇಳುವುದೂ ಹಳೆಯ ದೂರವಾಣಿಯ ಮಟ್ಟಕ್ಕೆ ಬರುತ್ತದೆ. ನೀವು ಇಷ್ಟೆಲ್ಲ ಪಾಡುಪಟ್ಟು ಕಳುಹಿಸಿದ ಶ್ರುತಿ ಅವರ ಕಿವಿಗೆ ತಲುಪುವುದೇ ಇಲ್ಲ. ವಯರ್ ಇರುವ ಸಾಧಾರಣ ಇಯರ್‌ಫೋನ್ ಸಾಕು.

ಷಟ್ಪದಿಪ್ರಿಯ ಬರೆದದ್ದು:

ಅವರು ಬಳಸುತ್ತಿರುವುದು ಬ್ಲೂಟೂತೇ. ಇಂದು ಸಂಜೆಯೇ ಕರೆಮಾಡಿ ತಿಳಿಸುತ್ತೇನೆ. ಧ್ವನಿಮುದ್ರಣಗಳ ಅನುಮತಿಗಾಗಿ ಒಂದು ಮುದ್ರಣದ ಹಕ್ಕುದಾರರಿಗೆ ಪತ್ರ ಬರೆದಿದ್ದೇವೆ. ಉತ್ತರ ಬರುವವರೆಗೆ ಅವುಗಳನ್ನು ಕಾರ್ಯಕ್ರಮದಿಂದ ಬಿಟ್ಟು, ಆ ಪದ್ಯಗಳನ್ನು ಗಮಕಿಗಳಿಂದಲೇ ವಾಚಿಸಿಸುತ್ತೇವೆ.